ಐದು ಗಿಟಾರ್, ಒಂದು ಕುಕ್ಕರ್ ಕೂಗು

ಲೆಸ್ ಪಾಲ್ ಅಂದ ಕೂಡಲೇ ಗಿಟಾರ್ ಕಲಿಯುವವರಿಗೆ ನೆನಪಾಗುವುದು 1952ರಲ್ಲಿ ಗಿಬ್ಸನ್ ಕಂಪನಿ ತಂದ ಗಿಟಾರ್. ಅದು ಒಬ್ಬ ಮನುಷ್ಯನ ಹೆಸರು ಅಂತ ನನಗೂ ತುಂಬ ದಿನ ಗೊತ್ತಿರಲಿಲ್ಲ. 1948ರಲ್ಲಿ ಬಂದ ಈ ಅಮೆರಿಕನ್ ಗಿಟಾರ್ ವಾದಕರ 'ಲವರ್' ರೆಕಾರ್ಡ್ ಕೇಳಿದ ಮೇಲೆ ತಲೆಗೆ ಹುಳ ಹೊಕ್ಕಿತು. ಅದರಲ್ಲಿ ಎಂಟು ಗಿಟಾರ್‌ಗಳಿವೆ. ಎಂಟನ್ನೂ ನುಡಿಸಿದ್ದು ಅವರೊಬ್ಬರೇ, ಅದೂ ಟೇಪ್ ಇಲ್ಲದೆ. ಒಂದು ಡಿಸ್ಕ್ ಹಾಕಿಕೊಂಡು, ಅದರ ಜೊತೆ ನುಡಿಸುತ್ತಾ ಇನ್ನೊಂದು ಡಿಸ್ಕ್ ಕೊರೆಯುವುದು. ಮತ್ತೆ ಅದರ ಮೇಲೆ ಇನ್ನೊಂದು.

ಆಮೇಲೆ ಗಾಯಕ ಬಿಂಗ್ ಕ್ರಾಸ್ಬಿ ಲೆಸ್ ಪಾಲ್‌ಗೆ ಆಂಪೆಕ್ಸ್ ಕಂಪನಿಯ ಒಂದು ಟೇಪ್ ಮೆಷಿನ್ ಕೊಟ್ಟರು. ಟೇಪಿನ ದನಿಯನ್ನು ಓದುವ, ಅಳಿಸುವ, ಬರೆಯುವ ಭಾಗಕ್ಕೆ ಹೆಡ್ ಅನ್ನುತ್ತಾರೆ; ಈ ಪುಣ್ಯಾತ್ಮ ಲೆಸ್ ಪಾಲ್ ಅದಕ್ಕೆ ಇನ್ನೊಂದು ಹೆಡ್ ಕೂರಿಸಿಬಿಟ್ಟರು, ಅಳಿಸುವ ಹೆಡ್‌ಗಿಂತ ಮೊದಲೇ. ಹಳೆಯ ದನಿಯನ್ನು ಅದು ಓದಿಕೊಳ್ಳುತ್ತದೆ, ಮುಂದಿನ ಹೆಡ್ ಅಳಿಸುತ್ತದೆ, ಅದರ ಮುಂದಿನದು ಹಳೆಯದು ಹೊಸದು ಎರಡನ್ನೂ ಕಲಸಿ ಅದೇ ಟೇಪಿನ ಮೇಲೆ ಬರೆಯುತ್ತದೆ. ಹತ್ತನೇ ಪದರದಲ್ಲಿ ಬೆರಳು ತಪ್ಪಿತೋ, ಮೊದಲಿನ ಒಂಬತ್ತೂ ಹೋದವು.

ನನ್ನ ಕಂಪ್ಯೂಟರಿನಲ್ಲಿ ನೂರು ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ಉಳಿಯುವ ದನಿಯ ಸಾಲು, ಹಾಕಬಹುದು. ಆದರೂ ಇದನ್ನೊಮ್ಮೆ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು. ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಒಂದನ್ನು ತಂದೆ. 'ಬೆಲ್ಟ್ ಹೊಸದು ಸಾರ್' ಅಂದಿದ್ದರು ಮಾರಿದವರು. ಮನೆಗೆ ಬಂದು ನೋಡಿದರೆ ಹಳೇ ಪಂಚೆಯ ಉಡಿದಾರದ ಹಾಗೆ ಜೋತಾಡುತ್ತಿತ್ತು. ಅದನ್ನು ಬದಲಿಸುವಷ್ಟರಲ್ಲಿ ಎರಡು ವಾರ ಹೋಯಿತು.

ನನ್ನ ಮೆಷಿನ್ ಸ್ವಲ್ಪ ಕರುಣೆ ಇರುವಂಥದ್ದು. ಎಡ ಟ್ರ್ಯಾಕಿನಲ್ಲಿರುವುದಕ್ಕೆ ಹೊಸ ಗಿಟಾರ್ ಸೇರಿಸಿ ಬಲಕ್ಕೆ ಬರೆಯುತ್ತದೆ. ಮತ್ತೆ ಬಲದಿಂದ ಎಡಕ್ಕೆ. ತಪ್ಪಿದರೆ ಒಂದು ಮೆಟ್ಟಿಲು ಮಾತ್ರ ಕೆಳಗೆ ಬೀಳುತ್ತೀರಿ.

ಮೊದಲ ಸಲ ದಡ್ಡನ ಹಾಗೆ ಮುಖ್ಯ ಟ್ಯೂನನ್ನೇ ಮೊದಲು ನುಡಿಸಿದೆ. ಹಾಡು ಮಾಡುವವರು ಎಲ್ಲರೂ ಹಾಗೇ ಯೋಚಿಸುವುದು, ಅಲ್ವಾ? ಐದನೇ ಪದರ ಮುಗಿಸಿ ಕೇಳಿದರೆ ಟ್ಯೂನು ಕಂಬಳಿ ಹೊದ್ದು ಮಲಗಿತ್ತು. ಪ್ರತಿ ಸಲ ನಕಲಾದಾಗಲೂ ತಾರ ಸ್ವರಗಳ ಹೊಳಪು ಸವೆಯುತ್ತದೆ, 'ಸ್ಸ್' ಅನ್ನುವ ಟೇಪಿನ ಸದ್ದು ಏರುತ್ತದೆ. ಲೆಸ್ ಪಾಲ್ ಮಾಡುತ್ತಿದ್ದುದು ತಿರುವುಮುರುವು: ಅಷ್ಟು ಮುಖ್ಯವಲ್ಲದ ಭಾಗ ಮೊದಲು, ಕಿವಿ ಹುಡುಕುವ ಭಾಗ ಕೊನೆಗೆ. ಅಂದರೆ ಇಡೀ ಹಾಡು ಮೊದಲೇ ತಲೆಯಲ್ಲಿ ಇರಬೇಕು. ಮೂರನೇ ಗಿಟಾರ್ ಎಷ್ಟು ಜೋರಿರಬೇಕು ಅಂತ ಆಮೇಲೆ ನೋಡೋಣ ಅನ್ನುವಂತಿಲ್ಲ. 1951ರ 'ಹೌ ಹೈ ದ ಮೂನ್' ಹಾಡನ್ನು ಗಾಯಕಿ ಮೇರಿ ಫೋರ್ಡ್ ಜೊತೆ ಅವರು ಹೀಗೆ ಪದರ ಪದರವಾಗಿ ಕಟ್ಟಿದ್ದು. ನಾನು ಐದಕ್ಕೇ ಸುಸ್ತಾದೆ. ಎರಡನೇ ಸಲ ಬೇಸ್ ಮೊದಲು, ಟ್ಯೂನ್ ಕೊನೆಗೆ. ಈಗ ಸರಿ ಬಂತು.

ನಡುವೆ ಲೆಸ್ ಪಾಲ್ ಅವರ ಇನ್ನೊಂದು ಕಳ್ಳಾಟವನ್ನೂ ಮಾಡಿದೆ. ಟೇಪನ್ನು ಸೆಕೆಂಡಿಗೆ ಮೂರೂಮುಕ್ಕಾಲು ಇಂಚಿನಲ್ಲಿ ಓಡಿಸಿ ನಿಧಾನವಾಗಿ ನುಡಿಸಿದೆ. ಏಳೂವರೆಯಲ್ಲಿ ಹಾಕಿದರೆ ವೇಗ ಎರಡರಷ್ಟು, ಸ್ವರ ಒಂದು ಸ್ಥಾಯಿ ಮೇಲೆ. ನನ್ನ ಮೊಂಡು ಬೆರಳುಗಳು ಗೆಜ್ಜೆಯ ಹಾಗೆ ಕುಣಿದವು. ಆದರೆ ಒಂದು ಎಚ್ಚರ: ತಂತಿಯನ್ನು ಮಾಮೂಲಿ ರಭಸದಲ್ಲಿ ಅಲುಗಿಸಿದರೆ ಗಮಕ ಕುರಿ ಅರಚಿದಂತೆ ಕೇಳುತ್ತದೆ. ಅರ್ಧ ವೇಗದಲ್ಲಿ ಅಲುಗಿಸಬೇಕು, ಅದು ಕೈಗೆ ಹತ್ತಲು ಒಂದು ಸಂಜೆಯೇ ಬೇಕಾಯಿತು.

1957ರಲ್ಲಿ ಆಂಪೆಕ್ಸ್‌ನವರು ಲೆಸ್ ಪಾಲ್‌ಗೆ ಎಂಟು ಟ್ರ್ಯಾಕಿನ ಮೆಷಿನ್ ಮಾಡಿಕೊಟ್ಟರು. ಅದಕ್ಕೆ ಆಕ್ಟೋಪಸ್ ಅಂತ ಅಡ್ಡಹೆಸರು. ಈಗ ನಮ್ಮ ಫೋನಿನಲ್ಲೂ ಇರುವುದು ಅದರ ಮೊಮ್ಮಕ್ಕಳೇ.

ನನ್ನ ಟೇಪಿನಲ್ಲಿ ಒಂದು ಉಳಿದುಹೋಗಿದೆ. ಆ ಅರ್ಧ ವೇಗದ ಪದರ ನುಡಿಸುವಾಗ ಪಕ್ಕದ ಮನೆಯ ಕುಕ್ಕರ್ ಕೂಗಿತು. ಗಮನಿಸಿದ್ದು ಇನ್ನೆರಡು ಪದರ ಏರಿದ ಮೇಲೆ. ಪೂರ್ತಿ ವೇಗದಲ್ಲಿ ಅದು ಯಾವುದೋ ಹಕ್ಕಿಯ ಚೀರಾಟ. ಕೇಳಿದವರಿಗೆಲ್ಲ ಅದೇ ಇಷ್ಟ.