ನಾರ್ವೆಯ ಹಳೆಯ ಮರದ ಹಡಗು ಯಾವ ಯಾವ ಕೆಲಸ ಮಾಡಿತ್ತು? ಗುರುತು ಹಿಡಿಯುವ ಕ್ರಮ

ನಾರ್ವೆಯ ಕರಾವಳಿಯಲ್ಲಿ ಉಳಿದಿರುವ ಹಳೆಯ ಮರದ ಹಡಗುಗಳಲ್ಲಿ ಒಂದೇ ಕಸುಬಿಗೆ ಅಂಟಿಕೊಂಡು ಆಯಸ್ಸು ಕಳೆದವು ಕಡಿಮೆ. ಹೆಸರಾಂತ ‘ಯೋವಾ’ವನ್ನೇ ನೋಡಿ. 1872ರಲ್ಲಿ ರೋಸೆಂಡಾಲ್‌ನಲ್ಲಿ ತಯಾರಾದಾಗ ಅದು ಹೆರಿಂಗ್ ಮೀನು ಹಿಡಿಯುವ ಹಡಗು. ಮುಂದೆ ಉತ್ತರ ಧ್ರುವದ ಕಡೆ ಸೀಲ್ ಬೇಟೆಗೆ ಹೋಯಿತು. 1901ರಲ್ಲಿ ನಾರ್ವೆಯ ಧ್ರುವಯಾತ್ರಿಕ ಅಮುಂಡ್ಸೆನ್ ಕೊಂಡುಕೊಂಡ ಮೇಲೆ 1903ರಿಂದ 1906ರವರೆಗೆ ವಾಯವ್ಯ ಜಲಮಾರ್ಗ, ಅಂದರೆ ಉತ್ತರ ಅಮೆರಿಕದ ಉತ್ತರದಂಚಿನ ಹಿಮಸಮುದ್ರದ ದಾರಿ, ದಾಟಿತು. ಬಳಿಕ ಸ್ಯಾನ್ ಫ್ರಾನ್ಸಿಸ್ಕೋದ ಪಾರ್ಕಿನಲ್ಲಿ ದಶಕಗಟ್ಟಲೆ ನಿಂತು, 1972ರಲ್ಲಿ ಓಸ್ಲೋಗೆ ಮರಳಿತು. ಇಂಥ ಪ್ರತಿಯೊಂದು ತಿರುವೂ ಮರದ ಮೇಲೆ ಗಾಯ ಮಾಡಿರುತ್ತದೆ. ದುರಸ್ತಿಗೆ ಕೈ ಹಾಕುವ ಮೊದಲೇ ಅದನ್ನು ಓದಿಕೊಳ್ಳಬೇಕು. ಒಮ್ಮೆ ಉಜ್ಜಿ ಬಣ್ಣ ಬಳಿದರೆ ಆ ಪುರಾವೆ ಮತ್ತೆ ಸಿಗುವುದಿಲ್ಲ.

ಮೊದಲು ಹೊರಮೈ. ಉಪ್ಪು, ಪಾಚಿಯನ್ನು ಮೆದು ಬ್ರಷ್ಷಿನಿಂದ ತೆಗೆಯಿರಿ. ಕತ್ತಲಾದ ಮೇಲೆ ಟಾರ್ಚನ್ನು ಹಲಗೆಗೆ ಹೆಚ್ಚುಕಡಿಮೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ಹಗಲಲ್ಲಿ ಕಾಣದ ತಗ್ಗು, ಮುಚ್ಚಿದ ತೂತು ಎಲ್ಲ ಎದ್ದು ಕಾಣುತ್ತವೆ. ನೀರಿನ ಮಟ್ಟದ ಗೆರೆಯ ಆಸುಪಾಸಿನಲ್ಲಿ, ಮುಖ್ಯವಾಗಿ ಮೂತಿಯ (ಹಡಗಿನ ಮುಂತುದಿಯ) ಕಡೆ, ಬೆಣೆ ಹೊಡೆದು ಮುಚ್ಚಿದ ಸಣ್ಣ ತೂತುಗಳ ಸಾಲು ಕಂಡರೆ ಹಿಂದೆ ಅಲ್ಲಿ ಮಂಜುಗಡ್ಡೆಯಿಂದ ಕಾಪಾಡುವ ಹೆಚ್ಚುವರಿ ಹೊದಿಕೆ ಇದ್ದಿರಬಹುದು. ‘ಯೋವಾ’ಕ್ಕೆ ಹೊದಿಸಿದ್ದು 3 ಅಂಗುಲದ ಓಕ್ ಹಲಗೆ. ಆದರೆ ತೂತಿನ ಸಾಲು ಕಂಡ ಕೂಡಲೇ ‘ಸೀಲ್ ಬೇಟೆಯ ಹಡಗು’ ಎಂದು ಬರೆದುಕೊಳ್ಳಬೇಡಿ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಬಂದರುಗಳಿಗೆ ಸರಕು ಒಯ್ಯುತ್ತಿದ್ದ ಹಡಗಿಗೂ ಹೊದಿಕೆ ಹಾಕುತ್ತಿದ್ದರು.

ಹಡಗನ್ನು ಯಾವ ಅಡಿಗೋಲಿನಿಂದ ಕಟ್ಟಿದ್ದೆಂದು ತಿಳಿಯಲು ಅಳೆಯುವಾಗ ತಪ್ಪುವುದು ಹೆಚ್ಚು. ಹಳೆಯ ನಾರ್ವೇಜಿಯನ್ ಅಡಿ 31.37 ಸೆಂ.ಮೀ., ಇಂಗ್ಲಿಷ್ ಅಡಿ 30.48. ಹಲಗೆಯ ದಪ್ಪ ಅಳೆದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 10 ಅಡಿ ಅಳೆದರೆ ಸುಮಾರು 9 ಸೆಂ.ಮೀ. ಅಂತರ ಬರುತ್ತದೆ. ಹಾಗಾಗಿ ಯಾವಾಗಲೂ ಉದ್ದದ ಅಳತೆ ಹಿಡಿಯಿರಿ. 1882ರಲ್ಲಿ ಮೆಟ್ರಿಕ್ ಕಡ್ಡಾಯವಾದರೂ ಬಡಗಿಗಳ ಕೈ ಹಳೆಯ ಅಡಿಗೋಲನ್ನು ಬಿಟ್ಟಿರಲಿಲ್ಲ. ಆದ್ದರಿಂದ ಬರೀ ಅಳತೆಯಿಂದ ಕಾಲ ನಿರ್ಧರಿಸಬಾರದು.

ಇನ್ನು ಒಳಗೆ ಇಳಿಯಿರಿ. ಹಾಯಿಕಂಬದ ಬುಡ ಕೂರುವ ಚೌಕ ಕುಳಿ, ಹಡಗಿನ ತಳದುದ್ದಕ್ಕೂ ಸಾಗುವ ಅಡಿತೊಲೆಯ ಮೇಲಿರುತ್ತದೆ. ಅದರ ಪಕ್ಕದಲ್ಲೇ ಮರದ ತುಂಡು ತುಂಬಿ ಮುಚ್ಚಿದ ಇನ್ನೊಂದು ಕುಳಿ ಇದ್ದರೆ ಕಂಬವನ್ನು ಸರಿಸಿದ್ದಾರೆ ಎಂದರ್ಥ. ಎಂಜಿನ್ ಬಂದಾಗ ಹೀಗೆ ಸರಿಸುವುದುಂಟು. ಹಡಗಿನ ಹಿಂತುದಿಯಲ್ಲಿ ನೆಟ್ಟಗಿರುವ ತೊಲೆಯನ್ನು (ಹಾಯಿಕಂಬವಲ್ಲ) ಕೊರೆದು ಪ್ರೊಪೆಲರ್ ಶಾಫ್ಟ್ ತೂರಿಸಿದ ಜಾಗ, ಅದರ ಎರಡೂ ಬದಿಗೆ ಬೋಲ್ಟ್ ಹಾಕಿ ಸೇರಿಸಿದ ಹೊಸ ಮರ, ಎಣ್ಣೆ ಕುಡಿದು ಕಪ್ಪಾದ ಎಂಜಿನ್ ಪೀಠದ ಎರಡು ತೊಲೆ, ಈ ಮೂರೂ ಸಿಕ್ಕರೆ ಹಡಗು ಹಾಯಿಗೆಂದೇ ಹುಟ್ಟಿ ಆಮೇಲೆ ಮೋಟಾರಿಗೆ ಬಂದದ್ದು ಖಚಿತ. ಡೆಕ್ಕಿನ ಅಡ್ಡತೊಲೆಗಳನ್ನು ನಡುವೆ ಕತ್ತರಿಸಿ ತುದಿಗಳನ್ನು ಉದ್ದತೊಲೆಗೆ ಆನಿಸಿದ್ದರೆ, ಕತ್ತರಿಸಿದ ಮುಖವನ್ನು ಗಮನಿಸಿ. ಮೂಲದ ತೊಲೆಗಿಂತ ಅದು ಹೊಸದಾಗಿ ಕಂಡರೆ ಸರಕಿನ ಬಾಯಿಯನ್ನು (ಸರಕು ಇಳಿಸಲು ಡೆಕ್ಕಿನಲ್ಲಿ ಬಿಟ್ಟ ತೆರಪನ್ನು) ನಂತರ ಅಗಲ ಮಾಡಿದ್ದಾರೆ.

ಮರದ ಗಟ್ಟಿತನವನ್ನು ತೆಳು ದಬ್ಬಳದಿಂದ 20 ಸೆಂ.ಮೀ.ಗೊಮ್ಮೆ ಚುಚ್ಚಿ ನೋಡಿ. ಉಪ್ಪುನೀರು ಮರವನ್ನು ಕಾಯುತ್ತದೆ, ಮಳೆನೀರು ಕೊಳೆಸುತ್ತದೆ. ಹಾಗಾಗಿ ಹೆರಿಂಗ್ ಪೀಪಾಯಿಗಳ ಉಪ್ಪುನೀರು ಸೋರಿದ ಸರಕುಕೋಣೆಯ ತಳ ಗಟ್ಟಿಯಾಗಿದ್ದು, ಡೆಕ್ಕಿನ ಅಂಚಿನ ಕೆಳಗೆ ಅಡ್ಡತೊಲೆಗಳ ತುದಿ ಪುಡಿಯಾಗಿರುವುದು ಸಾಮಾನ್ಯ. ಓಕ್ ಮರದಲ್ಲಿ ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಲೆಯಾಗಿ ಮೆತ್ತಗಾಗಿದ್ದರೆ ಮೊಳೆ ತುಕ್ಕು ಹಿಡಿದು ಹಿಡಿತ ಕಳೆದುಕೊಂಡಿದೆ.

ಬಣ್ಣದ ಪದರಗಳನ್ನು ತಿಳಿಯಲು 5 ಸೆಂ.ಮೀ. ಚೌಕ ಗುರುತಿಸಿ, 240 ನಂಬರಿನ ನೀರುಕಾಗದದಿಂದ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಮೆಟ್ಟಿಲು ಮೆಟ್ಟಿಲಾಗಿ ಉಜ್ಜಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಒಣಗಿದ್ದಾಗ ಉಜ್ಜಲೇಬೇಡಿ, ಮಾಸ್ಕ್ ಇರಲಿ. ಮೂತಿಯಲ್ಲಿ ಒಂದೆರಡು ಅಕ್ಷರ, ಅಂಕಿ, ಮತ್ತೆ ಅಕ್ಷರ ಎಂಬ ಕ್ರಮ ಹೊರಬಂದರೆ ಅದು ಮೀನುಗಾರಿಕೆಯ ನೋಂದಣಿ. ಮೊದಲ ಭಾಗ ಜಿಲ್ಲೆ, ಕೊನೆಯದು ಊರು.

ಮರದ ವಯಸ್ಸಿಗೆ ಉಂಗುರ ಎಣಿಸಬೇಕಾದರೆ ಕನಿಷ್ಠ 50 ಉಂಗುರವಿರುವ ತುಂಡು ಬೇಕು. ಹೊರಹಲಗೆ ಬೇಡ, ಅದು ಎಷ್ಟು ಬಾರಿ ಬದಲಾಗಿದೆಯೋ. ಅಡಿತೊಲೆ ಅಥವಾ ಹಲಗೆಗಳನ್ನು ಹೊರುವ ಬಾಗಿದ ಪಕ್ಕೆಲುಬುಗಳಿಂದ ತೆಗೆಯಿರಿ. ತೊಗಟೆಯ ಪಕ್ಕದ ಉಂಗುರ ಕೆತ್ತಿಹೋಗಿದ್ದರೆ ‘ಈ ವರ್ಷದ ನಂತರ ಕಡಿದದ್ದು’ ಎಂದಷ್ಟೇ ಹೇಳಬಹುದು.

ಹಡಗು ನೋಂದಣಿಯಂಥ ಕಾಗದಪತ್ರ ಕೊನೆಗೆ. ಹಡಗಿನ ಹೆಸರು ಪ್ರತಿ ಮಾಲೀಕನೊಂದಿಗೂ ಬದಲಾಗಬಹುದು, ಅದನ್ನು ನಂಬಿ ಹುಡುಕಿದರೆ ದಾರಿ ತಪ್ಪುತ್ತದೆ. ಉದ್ದ, ಅಗಲ, ಕಟ್ಟಿದ ಊರು, ವರ್ಷ ಹೊಂದುತ್ತವೆಯೇ ನೋಡಿ. ಟನ್ ಲೆಕ್ಕದಲ್ಲಿ 1 ರಿಜಿಸ್ಟರ್ ಟನ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್ ಜಾಗ, ತೂಕವಲ್ಲ. ಉದ್ದ ಹಾಗೇ ಇದ್ದು ನಿವ್ವಳ ಟನ್ (ಸರಕಿಗೆ ಸಿಗುವ ಜಾಗದ ಲೆಕ್ಕ) ಮಾತ್ರ ಒಮ್ಮೆಲೇ ಇಳಿದಿದ್ದರೆ ಬೇರೆ ಹಡಗೆಂದು ಬಿಟ್ಟುಬಿಡಬೇಡಿ. ಎಂಜಿನ್ ಕೋಣೆಯ ಜಾಗವನ್ನು ನಿವ್ವಳದಿಂದ ಕಳೆಯುತ್ತಾರೆ. ಮೋಟಾರು ಬಂದ ವರ್ಷದ ಸುಳಿವು ಹಲವು ಸಲ ಅಲ್ಲೇ ಸಿಗುತ್ತದೆ.

ಇಷ್ಟಾದ ಮೇಲೆ ಹಲಗೆ ಬದಲಿಸಲೇಬೇಕಾದರೆ, ಹೊಸ ಹಲಗೆಯ ಒಳಮುಖಕ್ಕೆ ವರ್ಷವನ್ನು ಸುಟ್ಟು ಗುರುತು ಹಾಕಿ. ತೆಗೆದ ಹಲಗೆಯಲ್ಲಿ ಮೊಳೆತೂತು ಇರುವ ಒಂದು ತುಂಡನ್ನಾದರೂ ಯಾವ ಜಾಗದ್ದೆಂದು ಬರೆದು ಎತ್ತಿಡಿ.