ಜಾಂಗೊದಲ್ಲಿ ಮೆನಿ-ಟು-ಮೆನಿ: ನಡುವಿನ ಟೇಬಲನ್ನು ನಾನು ಕೈಗೆತ್ತಿಕೊಂಡ ಬಗೆ

ಗ್ರಂಥಾಲಯದ ಕ್ಯಾಟಲಾಗ್‌ಗಾಗಿ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೊದಲ್ಲಿ ಪುಸ್ತಕ, ವ್ಯಕ್ತಿ ಎಂಬ ಎರಡು ಮಾಡೆಲ್ (ಡೇಟಾಬೇಸ್‌ನ ಒಂದು ಟೇಬಲನ್ನು ವಿವರಿಸುವ ಕ್ಲಾಸ್) ಬರೆದು, ಪುಸ್ತಕದಲ್ಲಿ ಒಂದು ಮೆನಿ-ಟು-ಮೆನಿ ಫೀಲ್ಡ್ (ಒಂದು ಪುಸ್ತಕಕ್ಕೆ ಹಲವು ವ್ಯಕ್ತಿಗಳು, ಒಬ್ಬ ವ್ಯಕ್ತಿಗೆ ಹಲವು ಪುಸ್ತಕಗಳು ಎಂಬ ನಂಟು) ಇಟ್ಟಿದ್ದೆ. ಆಗ ಜಾಂಗೊ ತಾನಾಗಿಯೇ ನಡುವೆ ಒಂದು ಟೇಬಲ್ ಮಾಡಿಕೊಳ್ಳುತ್ತದೆ. ಅದರಲ್ಲಿ ಐಡಿ, ಪುಸ್ತಕದ ಐಡಿ, ವ್ಯಕ್ತಿಯ ಐಡಿ ಎಂಬ ಮೂರೇ ಕಾಲಮ್. ಜೊತೆಗೆ ಒಂದೇ ಪುಸ್ತಕ-ವ್ಯಕ್ತಿ ಜೋಡಿ ಎರಡು ಸಲ ಬರದಂತೆ ಒಂದು ಯುನೀಕ್ ನಿರ್ಬಂಧ. ಬರೀ ಲೇಖಕರಿದ್ದಾಗ ಇಷ್ಟು ಸಾಕಿತ್ತು. ಅನುವಾದಕರು, ಸಂಪಾದಕರು ಸೇರಿದ ಮೇಲೆ ಯಾರು ಏನು ಮಾಡಿದರು, ಮುಖಪುಟದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಬರೆದಿಡಲು ಜಾಗವೇ ಇರಲಿಲ್ಲ. ಹಾಗಾಗಿ 'ಕೊಡುಗೆ' ಎಂಬ ಮೂರನೇ ಮಾಡೆಲ್ ಬರೆದು, ಪಾತ್ರ ಮತ್ತು ಕ್ರಮ ಎಂಬ ಕಾಲಮ್‌ಗಳನ್ನು ಅದರಲ್ಲಿಟ್ಟು, ನಡುವಿನ ಟೇಬಲ್ ಯಾವುದೆಂದು ಹೇಳುವ ಫೀಲ್ಡ್‌ನ 'ಥ್ರೂ'ಗೆ ಅದನ್ನು ಕೊಟ್ಟೆ.

ಕಷ್ಟವಿರುವುದು ಈ ಬದಲಾವಣೆಯ ಮೈಗ್ರೇಷನ್‌ನಲ್ಲಿ, ಅಂದರೆ ಮಾಡೆಲ್‌ನಲ್ಲಿ ಬದಲಿಸಿದ್ದನ್ನು ಡೇಟಾಬೇಸ್‌ಗೆ ತಲುಪಿಸುವ ಹಂತದಲ್ಲಿ. ಇರುವ ಫೀಲ್ಡ್‌ಗೆ ಆಮೇಲೆ 'ಥ್ರೂ' ಸೇರಿಸಿದರೆ ಮೈಗ್ರೇಷನ್ ಫೈಲೇನೋ ತಯಾರಾಗುತ್ತದೆ, ಆದರೆ ಓಡಿಸಿದಾಗ ವ್ಯಾಲ್ಯೂ ಎರರ್ ಕೊಟ್ಟು ನಿಲ್ಲುತ್ತದೆ. ಫೀಲ್ಡ್ ಅಳಿಸಿ ಹೊಸದಾಗಿ ಮಾಡಿದರೆ ಇದ್ದ ನಂಟುಗಳೆಲ್ಲ ಹೋಗುತ್ತವೆ. ಅದಕ್ಕೆ ನಾನು ಕೆಲಸವನ್ನು ಮೂರು ಮೈಗ್ರೇಷನ್‌ಗಳಾಗಿ ಒಡೆದೆ.

ಮೊದಲನೆಯದರಲ್ಲಿ ಕೊಡುಗೆ ಮಾಡೆಲ್‌ಗೆ ಎರಡು ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಮ್) ಮಾತ್ರ. ಟೇಬಲ್ ಹೆಸರಾಗಿ ಹಳೆಯ ನಡುವಿನ ಟೇಬಲ್‌ನ ಹೆಸರನ್ನೇ ಕೊಟ್ಟೆ. ಕಾಲಮ್ ಹೆಸರುಗಳೂ ಅವೇ ಇರಬೇಕು. ಮಾಡೆಲ್ ಸೃಷ್ಟಿ, ಫೀಲ್ಡ್ ಬದಲಾವಣೆ ಎರಡನ್ನೂ 'ಸೆಪರೇಟ್ ಡೇಟಾಬೇಸ್ ಅಂಡ್ ಸ್ಟೇಟ್' (ನಿಜವಾದ ಡೇಟಾಬೇಸನ್ನೂ, ಮಾಡೆಲ್‌ಗಳ ಬಗ್ಗೆ ಜಾಂಗೊ ಇಟ್ಟುಕೊಳ್ಳುವ ಚಿತ್ರಣವಾದ ಸ್ಟೇಟನ್ನೂ ಬೇರೆಬೇರೆಯಾಗಿ ಬದಲಿಸುವ ವಿಧಾನ) ಒಳಗೆ ಸ್ಟೇಟ್ ಪಟ್ಟಿಯಲ್ಲಿ ಹಾಕಿ, ಡೇಟಾಬೇಸ್ ಪಟ್ಟಿಯನ್ನು ಖಾಲಿ ಬಿಟ್ಟೆ. ಮೈಗ್ರೇಷನ್ ಓಡಿಸುವ ಎಸ್‌ಕ್ಯೂಎಲ್ ಆಜ್ಞೆಗಳನ್ನು ತೋರಿಸುವ 'ಎಸ್‌ಕ್ಯೂಎಲ್‌ಮೈಗ್ರೇಟ್' ಕೊಟ್ಟು ನೋಡಿದರೆ ಇದರಲ್ಲಿ ಟೇಬಲ್ ಮುಟ್ಟುವ ಒಂದು ಆಜ್ಞೆಯೂ ಕಾಣಬಾರದು. ಈ ಹಂತದಲ್ಲೇ ಮಾಡೆಲ್‌ನ ಮೆಟಾದಲ್ಲಿ (ಸೆಟ್ಟಿಂಗ್‌ಗಳ ಭಾಗ) ಪುಸ್ತಕ-ವ್ಯಕ್ತಿ ಜೋಡಿಗೆ 'ಯುನೀಕ್ ಟುಗೆದರ್' ಬರೆಯಲೇಬೇಕು. ಹಳೆಯ ನಿರ್ಬಂಧ ಡೇಟಾಬೇಸ್‌ನಲ್ಲಿ ಹಾಗೇ ಕೂತಿದೆ. ಜಾಂಗೊಗೆ ಅದು ಗೊತ್ತಿಲ್ಲದಿದ್ದರೆ ಮುಂದೆ ತೆಗೆಯುವುದೂ ಇಲ್ಲ.

ಎರಡನೆಯದರಲ್ಲಿ ಪಾತ್ರ (ಡಿಫಾಲ್ಟ್ 'ಲೇಖಕ') ಮತ್ತು ಕ್ರಮ (ಡಿಫಾಲ್ಟ್ 1) ಸೇರಿಸಿದೆ. ಹಳೆಯ ಜೋಡಿ ನಿರ್ಬಂಧ ತೆಗೆದು ಪುಸ್ತಕ, ವ್ಯಕ್ತಿ, ಪಾತ್ರ ಮೂರಕ್ಕೂ ಸೇರಿಸಿ ಹೊಸದನ್ನು ಹಾಕಿದೆ. ಮೂರೂ ಏಕೆಂದರೆ, ಗಿರೀಶ ಕಾರ್ನಾಡರಂತೆ ತಮ್ಮ ನಾಟಕಗಳನ್ನು ತಾವೇ ಇಂಗ್ಲಿಷಿಗೆ ತಂದವರ ಪುಸ್ತಕದಲ್ಲಿ ಲೇಖಕರೂ ಅವರೇ, ಅನುವಾದಕರೂ ಅವರೇ. ಜೋಡಿ ನಿರ್ಬಂಧ ಉಳಿದಿದ್ದರೆ ಎರಡನೇ ಸಾಲು ಸೇರಿಸುವಾಗ ಇಂಟೆಗ್ರಿಟಿ ಎರರ್ ಖಚಿತ.

ಮೂರನೆಯದು ಹಳೆಯ ಸಾಲುಗಳಿಗೆ ಕ್ರಮ ತುಂಬುವುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಡೇಟಾ ತಿದ್ದುವುದನ್ನೂ ಟೇಬಲ್ ರಚನೆ ಬದಲಿಸುವುದನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕಟ್ಟಿನಲ್ಲಿ) ಬೆರೆಸದಿರುವುದು ಕ್ಷೇಮ. ಇಲ್ಲಿ ಐಡಿಯ ಕ್ರಮವನ್ನು ನಂಬುವಂತಿಲ್ಲ. ನಂಟು ಸೇರಿಸುವ 'ಆಡ್'ಗೆ ಒಟ್ಟಿಗೆ ಮೂವರನ್ನು ಕೊಟ್ಟರೆ ಜಾಂಗೊ ಅವರ ಐಡಿಗಳನ್ನು ಪೈಥಾನ್ ಸೆಟ್‌ಗೆ ಹಾಕಿಕೊಳ್ಳುತ್ತದೆ, ಕೊಟ್ಟ ಅನುಕ್ರಮ ಉಳಿಯುವ ಭರವಸೆಯಿಲ್ಲ. ಒಬ್ಬರಿಗಿಂತ ಹೆಚ್ಚು ಲೇಖಕರಿದ್ದ ಪುಸ್ತಕಗಳನ್ನು ಮುಖಪುಟ ನೋಡಿಯೇ ತುಂಬಬೇಕಾಯಿತು.

ಜಾಂಗೊ 2.2ರಿಂದ ಇಂಥ ಮಾಡೆಲ್ ಇದ್ದರೂ 'ಆಡ್' ಬಳಸಬಹುದು, ಪಾತ್ರವನ್ನು 'ಥ್ರೂ ಡಿಫಾಲ್ಟ್ಸ್'ನಲ್ಲಿ ಕೊಟ್ಟರಾಯಿತು. ಆದರೂ ನಾನು ಬಳಸುವುದಿಲ್ಲ. ಲೇಖಕರಾಗಿ ಆಗಲೇ ಇರುವವರನ್ನು ಅನುವಾದಕರಾಗಿ 'ಆಡ್' ಮಾಡಿದರೆ, ವ್ಯಕ್ತಿ ಈಗಾಗಲೇ ಇದ್ದಾರೆಂದು ಜಾಂಗೊ ಸುಮ್ಮನಾಗುತ್ತದೆ. ಎರರ್ ಇಲ್ಲ, ಸಾಲೂ ಇಲ್ಲ. 'ರಿಮೂವ್' ಇದರ ತದ್ವಿರುದ್ಧ: ಆ ವ್ಯಕ್ತಿಯ ಎಲ್ಲ ಪಾತ್ರಗಳನ್ನೂ ಒಟ್ಟಿಗೆ ಅಳಿಸುತ್ತದೆ. ಸೇರಿಸುವುದು, ತೆಗೆಯುವುದು ಎಲ್ಲವನ್ನೂ ನೇರವಾಗಿ ಕೊಡುಗೆ ಮಾಡೆಲ್ ಮೇಲೆಯೇ ಮಾಡುತ್ತೇನೆ. ಇನ್ನೊಂದು ಲಾಭ, 'ಆಡ್' ಸಾಲುಗಳನ್ನು 'ಬಲ್ಕ್ ಕ್ರಿಯೇಟ್'ನಿಂದ ಒಟ್ಟಿಗೇ ಬರೆಯುವುದರಿಂದ ಮಾಡೆಲ್‌ನ 'ಸೇವ್' ಓಡುವುದಿಲ್ಲ. ನೇರವಾಗಿ ಬರೆದರೆ ಓಡುತ್ತದೆ. ವಿಷಯದ ಟ್ಯಾಗ್‌ಗಳಿಗೆ ಮಾತ್ರ ಸಾದಾ ಫೀಲ್ಡನ್ನೇ ಉಳಿಸಿದೆ, ಅಲ್ಲಿ ನಂಟಿಗೆ ಬೇರೆ ಮಾಹಿತಿ ಬೇಕಿಲ್ಲ.

ಹುಡುಕುವಾಗ ಒಂದು ಎಚ್ಚರ. ಇಂಥವರು ಅನುವಾದಿಸಿದ ಪುಸ್ತಕ ಬೇಕೆಂದರೆ ವ್ಯಕ್ತಿ, ಪಾತ್ರ ಎರಡನ್ನೂ ಒಂದೇ 'ಫಿಲ್ಟರ್' ಒಳಗೆ ಕೊಡಬೇಕು. ಎರಡು 'ಫಿಲ್ಟರ್' ಸರಪಳಿ ಮಾಡಿದರೆ ಕೊಡುಗೆ ಟೇಬಲ್ ಎರಡು ಸಲ ಜಾಯಿನ್ ಆಗಿ, ಅವರು ಬರೀ ಲೇಖಕರಾಗಿದ್ದು ಬೇರೆಯವರು ಅನುವಾದಿಸಿದ ಪುಸ್ತಕವೂ ಬರುತ್ತದೆ. ಎಣಿಕೆಯಲ್ಲೂ ಇದೇ ಪೇಚು: 3 ಕೊಡುಗೆ, 4 ಟ್ಯಾಗ್ ಇರುವ ಪುಸ್ತಕದಲ್ಲಿ ಎರಡನ್ನೂ ಒಟ್ಟಿಗೆ 'ಕೌಂಟ್' ಮಾಡಿದರೆ ಜಾಯಿನ್‌ನಲ್ಲಿ ಸಾಲುಗಳು 3×4 ಆಗಿ ಎರಡಕ್ಕೂ 12 ಬರುತ್ತದೆ. 'ಡಿಸ್ಟಿಂಕ್ಟ್' ಕೊಟ್ಟರೆ ಸರಿಹೋಗುತ್ತದೆ.

ಪುಟಕ್ಕೆ 50 ಪುಸ್ತಕ ತೋರಿಸುವಾಗ ಪ್ರತಿ ಪುಸ್ತಕದ ವ್ಯಕ್ತಿಗಳನ್ನು ಬೇರೆಬೇರೆ ಕೇಳಿದರೆ 51 ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ): ಪಟ್ಟಿಗೆ ಒಂದು, ಪುಸ್ತಕಕ್ಕೆ ಒಂದೊಂದು. ನಂಟಿನ ಸಾಲುಗಳನ್ನು ಮೊದಲೇ ತಂದಿಡುವ 'ಪ್ರಿಫೆಚ್' ಒಳಗೆ ಕೊಡುಗೆಗಳನ್ನು ಕ್ರಮದಂತೆ ಜೋಡಿಸಿ, ವ್ಯಕ್ತಿಯನ್ನು ಅದೇ ಕ್ವೆರಿಯಲ್ಲಿ ಜಾಯಿನ್ ಮಾಡುವ 'ಸೆಲೆಕ್ಟ್ ರಿಲೇಟೆಡ್'ನಿಂದ ತಂದರೆ ಎರಡೇ. ಆದರೆ ಟೆಂಪ್ಲೇಟ್‌ಗೆ ಬೇಕೆಂದು ಪ್ರತಿ ಪುಸ್ತಕದ ಮೇಲೆ ಮತ್ತೆ 'ಫಿಲ್ಟರ್' ಹಾಕಿದರೆ ತಂದಿಟ್ಟದ್ದು ಬಳಕೆಗೆ ಬಾರದೆ ಹೊಸ ಕ್ವೆರಿ ಹೋಗುತ್ತದೆ. ಅನುವಾದಕರು ಮಾತ್ರ ಬೇಕಿದ್ದರೆ ಪ್ರಿಫೆಚ್‌ನಲ್ಲೇ ಸೋಸಿ 'ಟು ಆಟ್ರ್'ನಲ್ಲಿ ಹೆಸರಿಸಿದ ಪಟ್ಟಿಯಾಗಿ ಇಟ್ಟುಕೊಳ್ಳುತ್ತೇನೆ. ಈ ಪುಟದ ಟೆಸ್ಟ್‌ನಲ್ಲಿ 'ಅಸರ್ಟ್ ನಮ್ ಕ್ವೆರೀಸ್' 2 ಎಂದು ಬರೆದಿಟ್ಟಿದ್ದೇನೆ. ಯಾರಾದರೂ ಟೆಂಪ್ಲೇಟ್ ತಿದ್ದುವಾಗ ಕ್ವೆರಿ ಹೆಚ್ಚಾದರೆ ಟೆಸ್ಟ್ ಅಲ್ಲೇ ಬೀಳುತ್ತದೆ.