ಎಚ್54 ಕೋಡಿನ ಕೊನೆಯ ಎರಡು ಸ್ಥಾನಗಳು

ಅಮೆರಿಕದ ನೇತ್ರ ಚಿಕಿತ್ಸಾಲಯಗಳ ದಾಖಲೆಗಳನ್ನು ಓದಿ ಅವುಗಳಿಗೆ ಐಸಿಡಿ-10-ಸಿಎಂ, ಅಂದರೆ ಅಲ್ಲಿ ಬಳಸುವ ರೋಗನಿರ್ಣಯ ಸಂಕೇತಗಳ ಪಟ್ಟಿಯಿಂದ, ಕೋಡ್ ಹಾಕುವುದು ನನ್ನ ಕೆಲಸ. ಅದರಲ್ಲಿ ಎಚ್54 ಎಂಬುದು ಅಂಧತ್ವ ಮತ್ತು ಅಲ್ಪದೃಷ್ಟಿಯ ಗುಂಪು; ದೃಷ್ಟಿನಷ್ಟ ಹೆಚ್ಚಿದಂತೆ ಕಣ್ಣಿನ ವರ್ಗ ಒಂದರಿಂದ ಐದಕ್ಕೆ ಏರುತ್ತದೆ. ನೇತ್ರ ವಿಭಾಗಕ್ಕೆ ಬಂದ ಹೊಸತರಲ್ಲಿ ನನ್ನ ಮೊದಲ ಆಡಿಟ್ ವರದಿಯಲ್ಲಿ ಕೆಂಪು ಗುರುತು ಬಿದ್ದದ್ದು ಎಚ್54.1131 ಎಂಬ ಒಂದು ಕೋಡಿಗೆ. ವೈದ್ಯರು ಬಲಗಣ್ಣಿನಲ್ಲಿ ಒಂದನೆಯ ವರ್ಗದ ಅಲ್ಪದೃಷ್ಟಿ, ಎಡಗಣ್ಣಿನಲ್ಲಿ ಮೂರನೆಯ ವರ್ಗದ ಅಂಧತ್ವ ಎಂದು ಸ್ಪಷ್ಟವಾಗಿಯೇ ಬರೆದಿದ್ದರು, ಹಾಕಬೇಕಾಗಿದ್ದದ್ದು ಎಚ್54.1213. ಕುರುಡಾದ ಕಣ್ಣನ್ನೇ ನಾನು ಅದಲುಬದಲು ಮಾಡಿದ್ದೆ. ವೈದ್ಯರು ರೋಗಿಗೆ ಎದುರಾಗಿ ಕುಳಿತು ಕಂಡಂತೆ ಚಿತ್ರ ಬರೆಯುವುದರಿಂದ ಬಲಗಣ್ಣು ಹಾಳೆಯ ಎಡಬದಿಯಲ್ಲಿರುತ್ತದೆ; ನಾನು ಮೇಲಿದ್ದ ಓಡಿ (ಬಲಗಣ್ಣು), ಓಎಸ್ (ಎಡಗಣ್ಣು) ಎಂಬ ಗುರುತುಗಳನ್ನು ಬಿಟ್ಟು ಚಿತ್ರವನ್ನಷ್ಟೇ ನೋಡಿದ್ದೆ.

ಆ ದಿನದಿಂದ ಈ ಕೋಡುಗಳನ್ನು ನಾನು ಹಿಂದಿನಿಂದ ಓದುತ್ತೇನೆ. 2017ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ವಿಸ್ತರಣೆಯ ನಂತರ, ಪ್ರತಿ ಕಣ್ಣಿನ ವರ್ಗವನ್ನು ಹೇಳುವ ಏಳು ಸ್ಥಾನದ ಕೋಡುಗಳಲ್ಲಿ ಆರನೆಯ ಸ್ಥಾನ ಯಾವಾಗಲೂ ಬಲಗಣ್ಣಿನದು, ಏಳನೆಯದು ಎಡಗಣ್ಣಿನದು. ಸಹಜ ದೃಷ್ಟಿಯಿರುವ ಕಣ್ಣಿನ ಜಾಗದಲ್ಲಿ ಎ ಎಂಬ ಅಕ್ಷರ ಬರುತ್ತದೆ. ಹೀಗಾಗಿ ಎಚ್54.413ಎ ಎಂದರೆ ಬಲಗಣ್ಣು ಮೂರನೆಯ ವರ್ಗ, ಎಡಗಣ್ಣು ಸಹಜ, ಎಚ್54.42ಎ3 ಎಂದರೆ ಅದರ ತಿರುವುಮುರುವು. ಗಾಯಗಳ ಕೋಡಿಂಗ್ ಮಾಡಿ ಬಂದವರು ಆ ಎ ಅಕ್ಷರವನ್ನು ಮೊದಲ ಹಂತದ ಚಿಕಿತ್ಸೆಯ ಸೂಚನೆಯೆಂದು ತಿಳಿಯುವುದುಂಟು. ಇಲ್ಲಿ ಅದಕ್ಕೂ ಚಿಕಿತ್ಸೆಯ ಹಂತಕ್ಕೂ ಸಂಬಂಧವಿಲ್ಲ.

ವರ್ಗಗಳ ಕೋಷ್ಟಕ ಬಾಯಿಪಾಠವಾಗಲು ಹೆಚ್ಚು ದಿನ ಬೇಕಿಲ್ಲ. 20/70 ಎಂದರೆ ಸಹಜ ಕಣ್ಣು 70 ಅಡಿಯಿಂದ ಓದುವುದನ್ನು 20 ಅಡಿಯಿಂದಷ್ಟೇ ಓದಬಲ್ಲ ದೃಷ್ಟಿ. 20/70ಕ್ಕಿಂತ ಕಡಿಮೆಯಾಗಿ 20/200ರವರೆಗೆ ಒಂದನೆಯ ವರ್ಗ, ಅಲ್ಲಿಂದ ಕೆಳಗೆ 20/400ರವರೆಗೆ ಎರಡನೆಯದು, ಇವೆರಡೂ ಅಲ್ಪದೃಷ್ಟಿ. ಅದಕ್ಕೂ ಕೆಳಗೆ, ಒಂದು ಮೀಟರ್ ದೂರದಲ್ಲಿ ಬೆರಳೆಣಿಸುವಷ್ಟು ದೃಷ್ಟಿಯವರೆಗೆ ಮೂರನೆಯದು, ಬೆಳಕಿನ ಅರಿವಷ್ಟೇ ಉಳಿಯುವವರೆಗೆ ನಾಲ್ಕನೆಯದು, ಅದೂ ಇಲ್ಲದಿದ್ದರೆ ಐದನೆಯದು. ಈ ಮೂರೂ ಅಂಧತ್ವ. ಅಳತೆ ಅತ್ಯುತ್ತಮ ಕನ್ನಡಕದೊಂದಿಗೆ ಸಿಕ್ಕಿದ್ದಾಗಿರಬೇಕು. ಕನ್ನಡಕ ಮರೆತು ಬಂದ ರೋಗಿಯ ಬರಿಗಣ್ಣಿನ 20/200 ನನಗೆ ಏನನ್ನೂ ಹೇಳುವುದಿಲ್ಲ.

ತೊಡಕಿರುವುದು ಕೋಷ್ಟಕದಲ್ಲಲ್ಲ, ದಾಖಲೆಯಲ್ಲಿ. ವೈದ್ಯರು ಸಾಮಾನ್ಯವಾಗಿ ವರ್ಗವನ್ನು ಬರೆಯುವುದೇ ಇಲ್ಲ. ಅಳತೆ ಬರೆದು, ಕೆಳಗೆ ‘ಎರಡೂ ಕಣ್ಣುಗಳಲ್ಲಿ ಅಲ್ಪದೃಷ್ಟಿ’ ಎಂದು ಮುಗಿಸುತ್ತಾರೆ. ವರ್ಗ ದಾಖಲಾಗಿರದಿದ್ದರೆ ಎರಡೂ ಕಣ್ಣುಗಳಿಗೆ ಎಚ್54.3, ಒಂದೇ ಕಣ್ಣಾದರೆ ಎಚ್54.6ರ ಗುಂಪು, ಒಂದೋ ಎರಡೋ ಎಂಬುದೂ ತಿಳಿಯದಿದ್ದರೆ ಎಚ್54.7 ಎಂದು ಅಧಿಕೃತ ಮಾರ್ಗಸೂಚಿ ಹೇಳುತ್ತದೆ. ಅಳತೆ ಕಣ್ಣೆದುರೇ ಇರುವಾಗ ವರ್ಗವನ್ನು ನಾನೇ ಲೆಕ್ಕಹಾಕಿಬಿಡಬಾರದೇಕೆ ಎಂದು ನನಗೂ ಅನ್ನಿಸಿದ್ದುಂಟು. ಆ ಆಸೆಯನ್ನು ನಾನು ಬಿಟ್ಟದ್ದು ‘ಸಿಎಫ್’ ಎಂಬ ಎರಡಕ್ಷರಗಳಿಂದ. ಬೆರಳೆಣಿಸಬಲ್ಲರು ಎಂದು ಅದರ ಅರ್ಥ; ಆದರೆ ಎಷ್ಟು ದೂರದಿಂದ? ಒಂದು ಮೀಟರಿನಲ್ಲಾದರೆ ಮೂರನೆಯ ವರ್ಗ, ಮುಖದ ಹತ್ತಿರ ಹಿಡಿದಾಗ ಮಾತ್ರವಾದರೆ ನಾಲ್ಕನೆಯದು. ದೂರ ಬರೆಯದ ಸಿಎಫ್‌ನಿಂದ ವರ್ಗ ತೆಗೆಯುವುದು ಊಹೆಯಾಗುತ್ತದೆಯೇ ಹೊರತು ಕೋಡಿಂಗ್ ಆಗುವುದಿಲ್ಲ.

ಆದ್ದರಿಂದ ನಾನು ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೋರುವ ಪ್ರಶ್ನೆ, ಬರೆಯುತ್ತೇನೆ. ‘ಇದು ನಾಲ್ಕನೆಯ ವರ್ಗವೇ?’ ಎಂದು ಕೇಳಿದರೆ ಉತ್ತರವನ್ನು ನಾನೇ ವೈದ್ಯರ ಬಾಯಿಗೆ ಇಟ್ಟಂತಾಗುತ್ತದೆ. ಹಾಗಾಗಿ ಮೊದಲು ದಾಖಲೆಯಲ್ಲಿರುವುದನ್ನು ಇದ್ದಂತೆಯೇ ಎತ್ತಿ ಬರೆಯುತ್ತೇನೆ: ‘ಬಲಗಣ್ಣು 20/100, ಎಡಗಣ್ಣು ಸಿಎಫ್, ದೂರ ನಮೂದಾಗಿಲ್ಲ.’ ಬಳಿಕ ಪ್ರತಿ ಕಣ್ಣಿನ ದೃಷ್ಟಿನಷ್ಟದ ವರ್ಗವನ್ನು ತಮ್ಮ ವೈದ್ಯಕೀಯ ತೀರ್ಮಾನದಂತೆ ದಾಖಲಿಸಬೇಕೆಂದು ಕೋರಿ, ಎಲ್ಲ ವರ್ಗಗಳನ್ನೂ ‘ನಿರ್ಧರಿಸಲಾಗದು’ ಎಂಬ ಆಯ್ಕೆಯನ್ನೂ ಕೊಡುತ್ತೇನೆ. ಬೇಸರಪಟ್ಟುಕೊಂಡೇ ಉತ್ತರಿಸುವವರಿದ್ದಾರೆ, ಅದು ಸಹಜ. ಆದರೂ ಒಂದು ಚಿಕಿತ್ಸಾಲಯಕ್ಕೆ ಇಂಥ ಹಲವು ಕ್ವೆರಿಗಳು ಹೋದ ಮೇಲೆ, ಅವರ ನಮೂನೆಯಲ್ಲಿ ಸಿಎಫ್ ಪಕ್ಕ ದೂರ ಬರೆಯಲು ಒಂದು ಖಾನೆ ಹೊಸದಾಗಿ ಕಾಣಿಸಿಕೊಂಡಿತು.

ಅಳತೆಯನ್ನು ನಂಬಿದ್ದರೆ ಪೂರ್ತಿ ದಾರಿ ತಪ್ಪುತ್ತಿದ್ದ ದಾಖಲೆಯೊಂದು ಈಗಲೂ ನೆನಪಿದೆ. ಅಕ್ಷಿಪಟ ಕ್ರಮೇಣ ಕ್ಷೀಣಿಸುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ರೋಗವಿದ್ದ ಆ ರೋಗಿಯ ಎರಡೂ ಕಣ್ಣುಗಳು 20/40 ಓದುತ್ತಿದ್ದವು, ಆದರೂ ವೈದ್ಯರು ಅಂಧತ್ವ ಎಂದು ಬರೆದಿದ್ದರು. ಬರವಣಿಗೆಯ ತಪ್ಪಿರಬೇಕೆಂದುಕೊಂಡು ಮುಂದಿನ ಪುಟ ತೆರೆದಾಗ ದೃಷ್ಟಿ ಕ್ಷೇತ್ರದ, ಅಂದರೆ ಕಣ್ಣಿಗೆ ಎಷ್ಟು ಅಗಲಕ್ಕೆ ಕಾಣುತ್ತದೆ ಎಂಬುದರ, ಪರೀಕ್ಷೆ ಸಿಕ್ಕಿತು: ಕೇಂದ್ರದ ಸುತ್ತ ಬಲಗಣ್ಣಿಗೆ 8 ಡಿಗ್ರಿ, ಎಡಗಣ್ಣಿಗೆ 4 ಡಿಗ್ರಿ. ಕ್ಷೇತ್ರವು 10 ಡಿಗ್ರಿಯನ್ನು ಮೀರದೆ 5ಕ್ಕಿಂತ ಹೆಚ್ಚಿದ್ದರೆ ಮೂರನೆಯ ವರ್ಗ, 5ನ್ನು ಮೀರದಿದ್ದರೆ ನಾಲ್ಕನೆಯದು, ಕೇಂದ್ರ ದೃಷ್ಟಿ ಎಷ್ಟೇ ಚೆನ್ನಾಗಿದ್ದರೂ ಸರಿ. ವೈದ್ಯರು ವರ್ಗಗಳನ್ನು ದೃಢಪಡಿಸಿದ ಮೇಲೆ, ಮೊದಲು ರೋಗದ ಕೋಡಾದ ಎಚ್35.52, ನಂತರ ಎಚ್54.0ಎಕ್ಸ್34 ಹೋಯಿತು (ಎಕ್ಸ್ ಇಲ್ಲಿ ಜಾಗ ತುಂಬುವ ಅಕ್ಷರವಷ್ಟೇ). ಈ ಕ್ರಮವೂ ಐಚ್ಛಿಕವಲ್ಲ, ಮೂಲ ಕಾರಣವನ್ನು ಮೊದಲು ಹಾಕಬೇಕೆಂಬ ಸೂಚನೆ ಎಚ್54ರ ಶೀರ್ಷಿಕೆಯ ಕೆಳಗೇ ಇದೆ.

‘ಕಾನೂನುಬದ್ಧ ಅಂಧತ್ವ’ ಎಂಬ ಮಾತು ಮತ್ತೊಂದು ಬಲೆ. ಅಮೆರಿಕದ ಕಾನೂನಿನ ಪ್ರಕಾರ, ಉತ್ತಮ ಕಣ್ಣಿನಲ್ಲಿ ಕನ್ನಡಕದೊಂದಿಗೆ 20/200 ಅಥವಾ ಅದಕ್ಕಿಂತ ಕಡಿಮೆ ದೃಷ್ಟಿಯಿರುವವರು ಅಂಧರು. ಕೋಷ್ಟಕದಲ್ಲಾದರೋ ಸರಿಯಾಗಿ 20/200 ಇರುವ ಕಣ್ಣು ಒಂದನೆಯ ವರ್ಗದ ಅಲ್ಪದೃಷ್ಟಿ ಮಾತ್ರ. ಒಬ್ಬನೇ ಮನುಷ್ಯ ಕಾನೂನಿಗೆ ಅಂಧ, ಕೋಡಿಗೆ ಎಚ್54.2ಎಕ್ಸ್11. ವರ್ಗ ದಾಖಲಾಗಿದ್ದರೆ ಕಾನೂನುಬದ್ಧ ಅಂಧತ್ವದ ಕೋಡಾದ ಎಚ್54.8ನ್ನು ಜೊತೆಗೆ ಹಾಕುವಂತಿಲ್ಲ. ‘ಕಾನೂನುಬದ್ಧ ಅಂಧ’ ಎಂಬುದಷ್ಟೇ ಇದ್ದಾಗ ಮಾತ್ರ ಅದಕ್ಕೆ ಸ್ಥಾನ.

ಇನ್ನುಳಿದದ್ದು ಹಳೆಯ ಟಿಪ್ಪಣಿಯನ್ನು ನಕಲು ಮಾಡುವ ಅಭ್ಯಾಸ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಎರಡೂ ಕಣ್ಣು 20/25ಕ್ಕೆ ಬಂದ ಮೇಲೂ ಸಮಸ್ಯೆಗಳ ಪಟ್ಟಿಯಲ್ಲಿ ಅಲ್ಪದೃಷ್ಟಿ ಹಾಗೆಯೇ ಕುಳಿತಿರುತ್ತದೆ. ಅದಕ್ಕಾಗಿ ನಾನು ಪಟ್ಟಿಯನ್ನು ಕೊನೆಗೆ ಓದುತ್ತೇನೆ, ಅಂದಿನ ಭೇಟಿಯ ಪರೀಕ್ಷೆಯ ಪುಟವನ್ನು ಮೊದಲು.